ಲೈಬ್ರರಿಗೂ ನಂಗೂ ಏನವ್ವ ಸಂಬಂಧ?

"ಲೈಬ್ರರಿಗೂ ನಂಗೂ ಏನವ್ವ ಸಂಬಂಧ? ಅಕ್ಸರ ಕಲೀದೋಳು ನಾನು. ನನ್ ತಾವ್ಲೂ ಅದ್ಕೆ ದುಡ್ಡು ಇಸ್ಕೊಂಡವ್ರಲ್ಲ!"

ಪಂಚಾಯ್ತಿಗೆ ಹೋಗಿ ಮನೆ ಕಂದಾಯ ಕಟ್ಟಿ ಬಂದ ಪಕ್ಕದ ಮನೆ ಅಕ್ಕ, ರಸೀತಿಯನ್ನು ಬೇಲಿ ಮೇಲಿಂದ ನನ್ನ ಕೈಗೆ ಕೊಟ್ಟು ಒಂದೊಂದೇ ಬಾಬ್ತು ಓದಿಸುತ್ತಿದ್ದರು. ಆರೋಗ್ಯ ಕರ, ಭಿಕ್ಷುಕರ ಕರ ಎಲ್ಲ ಸರಿ ಅಂತ ಒಪ್ಪಿಕೊಂಡರು. ಗ್ರಂಥಾಲಯ ಕರ ಅಂದಾಗ ಮಾತ್ರ ಒಪ್ಪಲಿಲ್ಲ.

"ಸಂಬಂಧ ಈ ಚೀಟಿಲೇ ಇದೆಯಲ್ಲ ಅಕ್ಕ" ಅಂದೆ. 1965ರಲ್ಲಿ ಗ್ರಂಥಾಲಯಗಳಿಗೆ ಅಂತಲೇ ಒಂದು ಕಾಯ್ದೆ ಆಯಿತು. ಅದರ ಪ್ರಕಾರ ನಾವು ಕಟ್ಟೋ ತೆರಿಗೆಯ ಒಂದೊಂದು ರೂಪಾಯಿಗೂ ಆರು ಪೈಸೆ ಲೈಬ್ರರಿಗೆ. ಸಾವಿರ ರೂಪಾಯಿ ತೆರಿಗೆ ಇದ್ದರೆ ಅರವತ್ತು ರೂಪಾಯಿ. ಸಂತೆಯಲ್ಲಿ ಸೊಪ್ಪಿನ ಕಟ್ಟು ಸಣ್ಣದಾಯ್ತು ಅಂತ ಜಗಳ ಆಡೋ ನಾವು, ವರ್ಷ ವರ್ಷ ಕಟ್ಟೋ ಈ ದುಡ್ಡಿಗೆ ಏನು ಬಂತು ಅಂತ ಒಂದು ದಿನವೂ ಹೋಗಿ ನೋಡಿದವರಲ್ಲ. ಅಲ್ಲಿರೋದು ಬರೀ ಪುಸ್ತಕ, ಅದು ಓದಿದವರಿಗೆ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ನನಗೆ ಬೇಜಾರಾಗೋದು ಇದಕ್ಕೇ.

"ಮತ್ತಿನ್ನೇನೈತೆ ಅಲ್ಲಿ?" ಅಂದರು ಅಕ್ಕ, ಕೈಲಿದ್ದ ಮೊರವನ್ನು ಜಗಲಿ ಮೇಲಿಟ್ಟು.

ಹೇಳಿದೆ. ಹಳ್ಳಿ ಲೈಬ್ರರಿಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಕೈಗೆ ಬಂದವು. ಈಗ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಅಂತ ಇರುತ್ತೆ. 2020ರ ಮಕ್ಕಳ ದಿನಾಚರಣೆಗೆ 'ಓದುವ ಬೆಳಕು' ಅಂತ ಶುರು ಮಾಡಿ, ಆರು ವರ್ಷದಿಂದ ಹದಿನೆಂಟರವರೆಗಿನ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ ಮಾಡಿದರು. ಕೊರೊನಾದಲ್ಲಿ ಸ್ಕೂಲ್ ಬಾಗಿಲು ಹಾಕಿದ್ದ ಕಾಲ ಅದು. ಮನೇಲಿ ಫೋನ್ ಇಲ್ಲದ ಮಕ್ಕಳಿಗೆ ಊರಲ್ಲೇ ಒಂದು ಜಾಗ ಸಿಕ್ಕಿತು. ಎಷ್ಟೋ ಕೇಂದ್ರಗಳಲ್ಲಿ ಕಂಪ್ಯೂಟರ್ ಇದೆ, ಟಿವಿ ಇದೆ, ಮಕ್ಕಳಿಗೆ ಚೆಸ್ಸು, ಕೇರಂ ಇದೆ. ಅದೇ 2020ರಲ್ಲಿ ಬಂದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಫೋನಿನಲ್ಲೇ ಹೆಸರು ನೋಂದಾಯಿಸಬಹುದು, ಅದಕ್ಕೂ ಕಾಸಿಲ್ಲ. ಪಾಠದ ವಿಡಿಯೋ ಕೂಡ ಅದರಲ್ಲೇ ಸಿಗುತ್ತೆ.

"ನಿಮ್ಮ ಮೊಮ್ಮಗ ಪೊಲೀಸ್ ಪರೀಕ್ಷೆಗೆ ಓದ್ಕೊಳ್ಳೋಕೆ ಜಾಗ ಇಲ್ಲ ಅಂತ ಮೈಸೂರಲ್ಲಿ ರೂಮು ಹುಡುಕ್ತಿದ್ದಾನಲ್ಲ ಅಕ್ಕ, ಮಂಡ್ಯದ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಒಂದು ಬೆಳಗ್ಗೆ ಹೋಗಿ ನೋಡಲಿ" ಅಂದೆ. ಇಂಥ ಕಡೆ ಬರೋ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಕಪಾಟಿನ ಕಾದಂಬರಿ ಮುಟ್ಟೋದೇ ಇಲ್ಲ. ಅವರಿಗೆ ಬೇಕಿರೋದು ಒಂದು ಮೇಜು, ಒಂದು ಫ್ಯಾನು, ಗಲಾಟೆ ಇಲ್ಲದ ನಾಲ್ಕು ಗಂಟೆ, ಪಕ್ಕದಲ್ಲಿ ಅದೇ ಪರೀಕ್ಷೆಗೆ ಕೂತಿರೋ ಇನ್ನೊಬ್ಬ. ಒಂದೇ ಕೋಣೆಯಲ್ಲಿ ಐದು ಜನ ಮಲಗೋ ಮನೆಯ ಮಗುವಿಗೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ. ಪುಸ್ತಕ ಕೊಂಡುಕೊಳ್ಳಬಹುದು, ಸದ್ದಿಲ್ಲದ ಜಾಗ ಕೊಳ್ಳೋಕಾಗಲ್ಲ.

ಅಕ್ಕನಿಗೆ ತಮ್ಮನ ನೆನಪಾಯಿತು. "ನನ್ ತಮ್ಮಂಗೆ ಕಣ್ಣೇ ಕಾಣಾಕಿಲ್ಲ. ಅವನ್ಗೇನು ಮಾಡಾರು?"

ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಬ್ರೈಲ್ ವಿಭಾಗವೇ ಇದೆ. ಅಷ್ಟು ದೂರ ಬೇಡ ಅಂದರೆ, ಕಣ್ಣು ಕಾಣದವರಿಗೆ ಅಂತಲೇ 2016ರಲ್ಲಿ ಶುರುವಾದ 'ಸುಗಮ್ಯ ಪುಸ್ತಕಾಲಯ' ಆನ್‌ಲೈನಿನಲ್ಲಿದೆ. ಅಲ್ಲಿಂದ ಇಳಿಸಿಕೊಂಡದ್ದನ್ನು ಫೋನೇ ಗಟ್ಟಿಯಾಗಿ ಓದಿ ಹೇಳುತ್ತೆ. ಹೀಗೆ ಪುಸ್ತಕವನ್ನು ಕಿವಿಗೆ ಒಪ್ಪೋ ರೂಪಕ್ಕೆ ತರೋಕೆ ಅಡ್ಡಿ ಇರಬಾರದು ಅಂತ ದೇಶ ದೇಶಗಳು ಸೇರಿ 2013ರಲ್ಲಿ ಮರಾಕೆಶ್ ಅನ್ನೋ ಊರಲ್ಲಿ ಒಪ್ಪಂದ ಮಾಡಿಕೊಂಡವು. ಮರು ವರ್ಷ ಎಲ್ಲರಿಗಿಂತ ಮೊದಲು ಅದನ್ನು ಅಂಗೀಕರಿಸಿದ್ದು ನಮ್ಮ ದೇಶ. ನನಗೆ ಹೆಮ್ಮೆ ಅನಿಸೋ ವಿಷಯ ಇದು. ಆದರೆ ಮಳವಳ್ಳಿ ಕಡೆಯ ಒಬ್ಬ ಕುರುಡ ಮುದುಕನಿಗೆ ಇದನ್ನ ಹೇಳೋರು ಯಾರು? ಅದಕ್ಕೇ ಊರ ಲೈಬ್ರರಿ ಬೇಕಿರೋದು. ಅಲ್ಲಿ ಮೇಲ್ವಿಚಾರಕರು ಅಂತ ಒಬ್ಬರು ಕೂತಿರುತ್ತಾರಲ್ಲ, ನನ್ನ ಕೇಳಿದರೆ ಲೈಬ್ರರಿಯ ಅಸಲಿ ಆಸ್ತಿ ಅವರೇ. ಅವರಿಗೆ ಆಸೆ ಇದ್ದರೆ ಕಂಪ್ಯೂಟರ್ ಓಡುತ್ತೆ, ಇಲ್ಲದಿದ್ದರೆ ಧೂಳು ಹಿಡಿಯುತ್ತೆ. ಅವರಿಗೆ ನೆಟ್ಟಗೆ ಸಂಬಳ ಕೊಡದೆ ಯಂತ್ರ ಮಾತ್ರ ಕೊಂಡರೆ ಏನು ಬಂತು?

ಬೇರೆ ದೇಶದ ಲೈಬ್ರರಿಗಳಲ್ಲಿ ಏನೇನಿದೆ ಅಂತ ಮಾತು ಫಿನ್ಲೆಂಡಿಗೆ ಹೋಯಿತು. ಹೆಲ್ಸಿಂಕಿ ಪಟ್ಟಣದಲ್ಲಿ 2018ರಲ್ಲಿ 'ಓಡಿ' ಅಂತ ಒಂದು ಲೈಬ್ರರಿ ತೆರೆದರು. ಅಲ್ಲಿ ಹೊಲಿಗೆ ಮಿಷನ್ ಇಟ್ಟಿದ್ದಾರೆ, ಹಾಡು ರೆಕಾರ್ಡ್ ಮಾಡೋ ಕೋಣೆ ಇದೆ. ಹೊಲಿಗೆ ಮಿಷನ್ ಅಂದಾಗ ಅಕ್ಕ ನಿಜಕ್ಕೂ ಹತ್ತಿರ ಬಂದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಿಚ್ಮಂಡ್ ಅನ್ನೋ ಊರಿನ ಲೈಬ್ರರಿಯಲ್ಲಿ 2010ರಿಂದ ಬಿತ್ತನೆ ಬೀಜ ಕೊಡ್ತಾರೆ, ಬೆಳೆದವರು ಬೀಜ ಉಳಿಸಿ ವಾಪಸ್ ತಂದಿಡಬೇಕು ಅಂದೆ.

"ಅದ್ಯಾವ ದೊಡ್ಡ ಸುದ್ದಿ ಬುಡವ್ವ! ನಮ್ಮವ್ವ ಮಾಡ್ತಿದ್ದಿದ್ದೇ ಅದು. ಅಟ್ಟದ ಮೇಲೆ ಬಿತ್ನೆ ಮಡಗಿರೋಳು, ಒಬ್ಬೊಬ್ರೂ ಬಂದು ಇಸ್ಕೊಂಡು ಓಗೋರು. ಕೊಯ್ಲಾದ್ ಮ್ಯಾಲೆ ಕೊಟ್ಟಿದ್ಕಿಂತ ಒಸಿ ಜಾಸ್ತಿನೇ ತಂದು ಸುರಿಯೋರು. ರಾಜಮುಡಿ ಬತ್ತ, ರತ್ನಚೂಡಿ, ಅವರೆ, ಅಲಸಂದೆ, ಸೋರೆ ಬೀಜ. ಯಾವ್ದು ಯಾರ ಮನೇಲೈತೆ ಅಂತ ಊರ್ಗೇ ಗೊತ್ತಿತ್ತು."

ಈ ಮಾತು ಕೇಳಿ ನನ್ನ ಹರಟೆಯ ದಾರಿಯೇ ಬದಲಾಯಿತು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ತೆನೆಗಳನ್ನು ಸಾಲಾಗಿ ಇಟ್ಟು ಭತ್ತದ ಮ್ಯೂಸಿಯಂ ಮಾಡಿದ್ದಾರೆ. ಅವರ 'ಬಡಾ ಬಾಗ್' ತೋಟದಲ್ಲಿ ನೂರಕ್ಕೂ ಮೀರಿ ಮಾವಿನ ಜಾತಿಗಳಿವೆ. ಟಿಪ್ಪುವಿನ ಕಾಲದಿಂದ ಬಂದ ತೋಟ ಅದು. ಬೀಜ ಉಳಿಯಬೇಕಾದರೆ ಡಬ್ಬದಲ್ಲಿಟ್ಟರೆ ಸಾಲದು, ಮೊಳೆಯೋ ಶಕ್ತಿ ಹೋಗೋ ಮೊದಲೇ ಬಿತ್ತಿ ಬೆಳೆದು ಹೊಸ ಬೀಜ ಮಾಡಿಕೊಳ್ಳುತ್ತಲೇ ಇರಬೇಕು. ಒಬ್ಬ ಮನುಷ್ಯ ಸಾವಿರ ತಳಿಯನ್ನ ಹೀಗೆ ಬೆಳೆಯೋದು ಎಂಥ ಶ್ರಮ! ಅದನ್ನೇ ನಮ್ಮ ಜಿಲ್ಲೆಯ ಅರಿವು ಕೇಂದ್ರಗಳು ಹಂಚಿಕೊಂಡು, ಒಂದೊಂದು ಊರು ಐದು ತಳಿಯ ಜವಾಬ್ದಾರಿ ಹೊತ್ತರೆ? ಕಪಾಟಿನಲ್ಲಿ ಒಂದು ಅರೆ, ಒಂದು ರಿಜಿಸ್ಟರು, ತಗೊಂಡವರ ಹೆಸರು, ವಾಪಸ್ ಕೊಟ್ಟ ಸುಗ್ಗಿ. ಲೈಬ್ರರಿಯವರಿಗೆ ಕೊಟ್ಟು ಇಸ್ಕೊಳ್ಳೋ ಲೆಕ್ಕ ಬರೆಯೋದು ಗೊತ್ತೇ ಇದೆಯಲ್ಲ. ತಳಿ ಬೆಳೆಸಿದ ನೆಲ ಇದು ಅಂತ ಬೇರೆ ಹೇಳಬೇಕಾಗಿಲ್ಲ: ಇಂಡಾಫ್ ರಾಗಿಯನ್ನು ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಬೆಳೆಸಿದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. "ಇಂಡಾಪು ನಮ್ಮಪ್ಪನೂ ಬೆಳೀತಿದ್ದ" ಅಂದರು ಅಕ್ಕ.

ಸರ್ಕಾರವೇ ಎಲ್ಲ ಮಾಡಬೇಕು ಅಂತಲೂ ನಾನು ಹೇಳ್ತಿಲ್ಲ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರ 'ಪುಸ್ತಕ ಮನೆ' ಇದೆ. ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು, ಸಂಬಳದ ಬಹುಪಾಲು ಸುರಿದು ಲಕ್ಷಗಟ್ಟಲೆ ಪುಸ್ತಕ, ಹಳೇ ಪತ್ರಿಕೆ ಕೂಡಿಸಿದರು. ಯಾರು ಬೇಕಾದರೂ ಹೋಗಿ ಕೂತು ಓದಬಹುದು. 2026ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಒಬ್ಬ ಕಂಡಕ್ಟರು ಇಷ್ಟು ಮಾಡಿದ ಮೇಲೆ, ಕರ ಕಟ್ಟೋ ನಾವೆಲ್ಲ ಸೇರಿ ಊರಿಗೊಂದು ಬೀಜದ ಅರೆ ಮಾಡೋಕಾಗಲ್ವಾ?

ಇನ್ನೊಂದು ಆಸೆ ಇದೆ ನನಗೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 2000ದಲ್ಲಿ 'ಮನುಷ್ಯರ ಲೈಬ್ರರಿ' ಶುರುವಾಯಿತು. ಅಲ್ಲಿ ಪುಸ್ತಕದ ಬದಲು ಒಬ್ಬ ಮನುಷ್ಯನನ್ನು ಎರವಲು ತಗೊಂಡು, ಎದುರು ಕೂತು ಅವರ ಬದುಕಿನ ಕಥೆ ಕೇಳಬಹುದು. ನಮ್ಮ ಕಡೆ ಎರವಲು ಕೊಡಬೇಕಾದ ಮನುಷ್ಯರು ಎಷ್ಟು ಜನ ಇಲ್ಲ? ಮಂಟೇಸ್ವಾಮಿ ಕಥೆಯನ್ನು ರಾತ್ರಿಯಿಡೀ ಹಾಡೋ ನೀಲಗಾರರು ಮಳವಳ್ಳಿ ಸೀಮೆಯಲ್ಲಿದ್ದಾರೆ. ಆ ಪರಂಪರೆಯ ಬೊಪ್ಪೇಗೌಡನಪುರದ ಮಠ ಇಲ್ಲೇ ಇದೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಬಾವುಟ ಹಾರಿಸಿದ ಸತ್ಯಾಗ್ರಹದ ಮಾತನ್ನು ಅಪ್ಪ, ತಾತನ ಬಾಯಿಂದ ಕೇಳಿಸಿಕೊಂಡವರು ಇನ್ನೂ ಇದ್ದಾರೆ. ಇವರ ದನಿಯನ್ನು ಅರಿವು ಕೇಂದ್ರದ ಒಂದು ಫೋನಿನಲ್ಲಿ ಹಿಡಿದಿಟ್ಟು, ಕೇಳಬೇಕು ಅಂದ ಮಗುವಿಗೆ ಕೇಳಿಸಿದರೆ ಅದೂ ಗ್ರಂಥವೇ. ಓದು ಬರದವರು ಲೈಬ್ರರಿಯಿಂದ ತಗೊಳ್ಳೋಕೆ ಮಾತ್ರ ಹೋಗಬೇಕಿಲ್ಲ, ಕೊಡೋಕೂ ಹೋಗಬಹುದು.

"ನೀವು ಸೋಬಾನೆ ಪದ ಎಷ್ಟು ಹೇಳ್ತೀರಿ ಅಕ್ಕ?"

"ಲೆಕ್ಕ ಯಾರಿಟ್ಟವ್ರೆ? ಎಣ್ಣೆ ಹಚ್ಚೋದ್ರಿಂದ ಹೆಣ್ಣೊಪ್ಪಿಸೋಗಂಟ ಹೇಳ್ತೀನಿ." ಸ್ವಲ್ಪ ತಡೆದು ಕೇಳಿದರು, "ಅಲ್ಲಿ ಹೆಂಗಸ್ರು ಕೂರಕ್ ಜಾಗ ಐತಾ? ನಾನು ದಾರೀಲಿ ಓಯ್ತಾ ಬತ್ತಾ ನೋಡಿವ್ನಿ, ಬರೀ ಗಂಡಸ್ರು ಪೇಪರ್ ಇಡ್ಕೊಂಡು ಕುಂತಿರ್ತಾರೆ."

ಇದು ಸರಿಯಾದ ಪ್ರಶ್ನೆ. ಹೆಂಗಸರು ಬರಬೇಕಾದರೆ ಅವರಿಗೆ ಬೇರೆ ಹೊತ್ತು ಬೇಕು, ಕೂಸು ಮಲಗಿಸೋಕೆ ಒಂದು ಚಾಪೆ ಬೇಕು, ಬಾಗಿಲು ಹಾಕಿಕೊಳ್ಳೋ ಶೌಚಾಲಯ ಬೇಕು. ಪಂಚಾಯ್ತಿ ಕೈಯಲ್ಲೇ ಲೈಬ್ರರಿ ಇರೋದರಿಂದ ಗ್ರಾಮಸಭೆಯಲ್ಲಿ ಕೇಳೋಕೆ ನಮಗೆ ಹಕ್ಕಿದೆ. ನೀವೂ ಬರ್ತೀರಾ ಅಂದೆ.

"ಬತ್ತೀನಿ. ಆದ್ರೆ ಬರೀ ಜಾಗ ಕೇಳಾದಲ್ಲ ಕಣವ್ವ. ಹೊಲಿಗೆ ಮಿಸನ್ನೂ ಬೀಜದ ಅರೆನೂ ಮೊದ್ಲು ಬರ್ಕೊ, ಸಂಬ್ಳದ್ ವಿಸ್ಯ ಆಮ್ಯಾಕೆ ಬರಿ. ಎಲ್ಲಾನೂ ಒಂದೇ ಅರ್ಜಿಲಿ ಬರಿ, ಹೆಬ್ಬೆಟ್ಟು ನಾನು ಒತ್ತೀನಿ. ಕೆಳಗಲ ಬೀದಿ ಹೆಂಗಸ್ರ ಕೈಲೂ ಒತ್ತುಸ್ತೀನಿ."