ಒದ್ದೆಬಟ್ಟೆ ಮೀಮಾಂಸೆ: ಅಗ್ರಹಾರದ ಕೇಕು ಸಮತಟ್ಟಾಗುವ ಬಗೆಗೊಂದು ಶಾಸ್ತ್ರವಿಚಾರ

ಕೇಕಿನ ನಡು ಉಬ್ಬಿ ಅಂಚು ತಗ್ಗುವುದೇಕೆ ಎಂಬ ಪ್ರಶ್ನೆಯನ್ನು ಮೈಸೂರಿನ ಅಗ್ರಹಾರದಲ್ಲಿ ಎತ್ತುವುದೇ ಅಧಿಕಪ್ರಸಂಗ ಎನ್ನುವವರಿದ್ದಾರೆ. ಶ್ರಾದ್ಧಕ್ಕೆ ಯಾವ ತರಕಾರಿ ಸಲ್ಲುತ್ತದೆ, ಏಕಾದಶಿಗೆ ಅವಲಕ್ಕಿ ನಡೆಯುತ್ತದೆಯೇ ಎಂಬಂಥ ಗಹನ ವಿಷಯಗಳಲ್ಲಿ ಪಳಗಿದ ಬೀದಿಗಳಿಗೆ ಮೈದಾಹಿಟ್ಟಿನ ಉಬ್ಬುತಗ್ಗಿನ ಉಸಾಬರಿ ಏತಕ್ಕೆ ಎಂಬುದು ಅವರ ವಾದ. ಈ ಆಕ್ಷೇಪ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತದೆ. ನೂರೊಂದು ಗಣಪತಿ ದೇವಸ್ಥಾನದ ಆಸುಪಾಸಿನ ಮನೆಗಳಲ್ಲಿ ಮಗುವಿನ ಹುಟ್ಟುಹಬ್ಬಕ್ಕೆ ಬೆಳಿಗ್ಗೆ ಆಯುಷ್ಯಹೋಮ, ಸಂಜೆ ಕೇಕು ಎಂಬುದು ಈಗ ಹೆಚ್ಚುಕಡಿಮೆ ಸಂಪ್ರದಾಯವೇ. ‘ಮೊಟ್ಟೆ ಹಾಕಿಲ್ಲ ತಾನೆ?’ ಎಂಬ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿತೆಂದರೆ ಕೇಕಿನ ಶುದ್ಧಿ ಮುಗಿಯಿತು. ಹಾಸನದ ಕಡೆಯ ಅಯ್ಯಂಗಾರ್ಯರು 1898ರಲ್ಲೇ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದ ಮೇಲೆ ಒಲೆಯ ಜಾತಿ ಕೇಳುವ ಹಕ್ಕು ಯಾರಿಗೂ ಉಳಿದಿಲ್ಲ. ಆದ್ದರಿಂದ ಕೇಕು ಅಗ್ರಹಾರಕ್ಕೆ ಸೇರಿದ್ದೇ ಎಂಬುದು ಸಿದ್ಧವಾದ ವಿಷಯ. ಸಾಧಿಸಬೇಕಾದದ್ದು ಅದರ ಮೇಲ್ಮೈ ಮಾತ್ರ.

ಪ್ರಮಾಣಗಳಲ್ಲಿ ಶಬ್ದಪ್ರಮಾಣಕ್ಕೆ ಹಿರಿತನವಿರುವುದರಿಂದ ಅಲ್ಲಿಂದ ಹೊರಡುವುದು ಕ್ರಮ. ಇದೇ ಊರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಗರಿಯಲ್ಲಿ ಅಡಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಆನೆ ಹಿಡಿಯುವುದರಿಂದ ಹೆಂಡ ಮಾರುವವರೆಗೆ ಎಲ್ಲದಕ್ಕೂ ಅಧ್ಯಕ್ಷರನ್ನು ನೇಮಿಸಿದ ಆ ಗ್ರಂಥದಲ್ಲಿ ಕೇಕಾಧ್ಯಕ್ಷನಿಲ್ಲ. ಆದರೆ ತೂಕ ಅಳತೆಗಳನ್ನು ನೋಡಿಕೊಳ್ಳುವ ಪೌತವಾಧ್ಯಕ್ಷನಿದ್ದಾನೆ, ನಮಗೆ ಅಷ್ಟು ಸಾಕು. ಎರಡು ಪದರದ ಕೇಕಿಗೆ ಕಲಸಿದ ಹಿಟ್ಟನ್ನು ಕಣ್ಣಳತೆಯಲ್ಲಿ ಸುರಿದು, ಒಂದು ಪದರ ದಪ್ಪ ಇನ್ನೊಂದು ತೆಳು ಎಂದು ಆಮೇಲೆ ಹಣೆ ಚಚ್ಚಿಕೊಳ್ಳುವವರು ಆ ಅಧಿಕಾರಿಯ ಕೈಗೆ ಸಿಕ್ಕಿದ್ದರೆ ದಂಡ ತೆರಬೇಕಾಗುತ್ತಿತ್ತು. ಖಾಲಿ ಟಿನ್ನನ್ನು ತಕ್ಕಡಿಯ ಮೇಲಿಟ್ಟು, ಗ್ರಾಂ ಲೆಕ್ಕದಲ್ಲಿ ಸಮನಾಗಿ ಹಂಚಿ, ಅಂಚಿನ ಕಡೆಗೆ ಚಮಚದಿಂದ ಚೂರು ಹೆಚ್ಚು ಸರಿಸುವುದು ಈ ಶಾಸ್ತ್ರದ ಪೂರ್ವಾಂಗ. ಇಷ್ಟನ್ನು ಯಾವ ಪಂಥವೂ ಅಲ್ಲಗಳೆಯುವುದಿಲ್ಲವಾದ್ದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ.

ಜಗಳವಿರುವುದು ಕಾರಣದಲ್ಲಿ. ಲೋಕಾಭಿಪ್ರಾಯದಂತೆ ನಡು ಉಬ್ಬುವುದು ಸೋಡದ ತಪ್ಪು. ಸೋಡ ಹೆಚ್ಚಾದರೆ ಕೇಕು ಉಬ್ಬಿ ಬಿರಿಯುತ್ತದೆ, ಆಮೇಲೆ ಕುಸಿಯುತ್ತದೆ ಎಂಬುದು ನಿಜ. ಆದರೆ ಅಳೆದು ಹಾಕಿದ ಸೋಡವೂ ಹಿಟ್ಟಿನ ತುಂಬ ಒಂದೇ ಸಮ ಕದಡಿರುವಾಗ ನಡುವಿಗೆ ಮಾತ್ರ ಪಕ್ಷಪಾತ ತೋರುವುದೇಕೆ? ಸರ್ವತ್ರ ಸಮವಾಗಿರುವ ಕಾರಣದಿಂದ ವಿಷಮವಾದ ಕಾರ್ಯ ಹುಟ್ಟದು. ಆದ್ದರಿಂದ ದೋಷ ಹಿಟ್ಟಿನದಲ್ಲ, ಗೋಡೆಯದು. ಅಲ್ಯೂಮಿನಿಯಂ ಶಾಖವನ್ನು ಸಾಗಿಸುವ ವೇಗ ಕಲಸಿದ ಹಿಟ್ಟಿನದಕ್ಕಿಂತ ನೂರಾರು ಪಟ್ಟು ಹೆಚ್ಚು. 180 ಡಿಗ್ರಿ ಸೆಲ್ಸಿಯಸ್ ಒಲೆಯೊಳಗೆ ಟಿನ್ನಿನ ಗೋಡೆ ಬೇಗ ಕಾಯುತ್ತದೆ, ಅದನ್ನು ಮುಟ್ಟಿಕೊಂಡ ಹಿಟ್ಟಿನ ಪಿಷ್ಟ ಬೆಂದು ಗಟ್ಟಿಯಾಗಿ ನಿಂತುಬಿಡುತ್ತದೆ. ನಡುವಿನ ಹಿಟ್ಟು ಅಷ್ಟರಲ್ಲಿ ಇನ್ನೂ ದ್ರವ. ಅದರೊಳಗಿನ ಗಾಳಿಗುಳ್ಳೆಗಳು ಹಿಗ್ಗುತ್ತಲೇ ಇರುತ್ತವೆ, ಪಕ್ಕಕ್ಕೆ ಸರಿಯಲು ಜಾಗವಿಲ್ಲದೆ ಮೇಲಕ್ಕೇಳುತ್ತವೆ. ಗೋಡೆಗೆ ಒರಗಿ ಕೂತವರು ಬೇಗ ಗಟ್ಟಿಯಾಗುತ್ತಾರೆ, ನಡುಮನೆಯಲ್ಲಿ ಓಡಾಡುವವರು ಬೆಳೆಯುತ್ತಾರೆ ಎಂಬ ವಠಾರದ ಅನುಭವಕ್ಕೂ ಇದಕ್ಕೂ ವ್ಯತ್ಯಾಸ ಕಾಣದು. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವ ಸ್ಥಾಲೀಪುಲಾಕ ನ್ಯಾಯ ಕೇಕಿನ ಮುಂದೆ ಸೋಲುವುದೂ ಇದೇ ಕಾರಣಕ್ಕೆ: ಅಂಚಿಗೆ ಚುಚ್ಚಿದ ಕಡ್ಡಿ ‘ಬೆಂದಿದೆ’ ಎಂದು ಸಾಕ್ಷಿ ಹೇಳುವ ಹೊತ್ತಿನಲ್ಲಿ ನಡುವಿಗೆ ಚುಚ್ಚಿದ ಕಡ್ಡಿ ಹಸಿಹಿಟ್ಟು ಮೆತ್ತಿಕೊಂಡು ಬರುತ್ತದೆ.

ಇದಕ್ಕೆ ದೃಷ್ಟಾಂತ ಬೇಕೆಂದರೆ ಪರದೇಶಕ್ಕೆ ಹೋಗಬೇಕಿಲ್ಲ, ಅಗ್ರಹಾರದಿಂದ ನಡೆದುಹೋಗುವಷ್ಟು ದೂರದಲ್ಲಿರುವ ಅರಮನೆಯ ಅಡುಗೆಮನೆಯೇ ಸಾಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಾಕಾಸುರ ಮಾದಪ್ಪನವರು ಮಾಡಿದರೆಂದು ಊರು ಹೇಳುವ ಮೈಸೂರು ಪಾಕನ್ನು, ಬೆಣ್ಣೆಯಂತೆ ಕರಗುವ ಈಗಿನ ಬಗೆಯನ್ನಲ್ಲ, ಗೂಡುಗೂಡಾದ ಹಳೆಯ ಗಟ್ಟಿ ಬಗೆಯನ್ನು, ಅಡ್ಡಕ್ಕೆ ಮುರಿದು ನೋಡಬೇಕು. ಅಂಚು ಹಳದಿ, ನಡು ಕಂದು. ತಟ್ಟೆಗೆ ಸುರಿದ ಮೇಲೆ ಅಂಚಿನ ಪಾಕ ತಟ್ಟೆಗೆ ಬಿಸಿ ಕೊಟ್ಟು ಬೇಗ ಆರುತ್ತದೆ. ನಡುವಿನದು ಬಿಸಿಯನ್ನು ಬಿಡದೆ ತನ್ನಷ್ಟಕ್ಕೆ ಬೇಯುತ್ತಲೇ ಇದ್ದು ಕೆಂಪಗಾಗುತ್ತದೆ. ಕೇಕಿನಲ್ಲಿ ಗೋಡೆ ಬಿಸಿ ಕೊಡುತ್ತದೆ, ಪಾಕಿನಲ್ಲಿ ಗೋಡೆ ಬಿಸಿ ಕಸಿಯುತ್ತದೆ. ಎರಡರಲ್ಲೂ ಅಂಚು ಮೊದಲು ಗೋಡೆಯ ಮಾತು ಕೇಳುತ್ತದೆ, ನಡು ತಡವಾಗಿ. ಅನ್ವಯ ವ್ಯತಿರೇಕಗಳೆರಡೂ ಒಂದೇ ಊರಿನಲ್ಲಿ ದೊರೆತದ್ದು ಈ ಶಾಸ್ತ್ರದ ಪುಣ್ಯ.

ಕಾರಣ ಗೋಡೆಯೆಂದಾದರೆ ಪರಿಹಾರವೂ ಗೋಡೆಗೇ ಆಗಬೇಕು. ಇಲ್ಲಿಯೇ ಅಗ್ರಹಾರ ತನ್ನ ಸಾವಿರಾರು ಬೆಳಗುಗಳ ಅಭ್ಯಾಸವನ್ನು ಮುಂದಿಡುತ್ತದೆ: ಒದ್ದೆಮಡಿ. ಹಳೆಯ ಹತ್ತಿ ಪಂಚೆಯನ್ನು ಟಿನ್ನಿನ ಎತ್ತರಕ್ಕೆ ಸರಿಯಾಗಿ ಉದ್ದುದ್ದ ಹರಿದು, ನೀರಿನಲ್ಲಿ ನೆನೆಸಿ, ತೊಟ್ಟಿಕ್ಕದಷ್ಟು ಹಿಂಡಿ, ಟಿನ್ನಿನ ಹೊರಮೈಗೆ ಸುತ್ತಿ ಪಿನ್ನು ಹಾಕಬೇಕು. ಪಾಶ್ಚಾತ್ಯರು ಇದನ್ನೇ ಪಟ್ಟಿಗಳ ರೂಪದಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಅವರಿಗೆ ಮಡಿಕೋಲಿನ ಪರಿಚಯವಿಲ್ಲದಿರುವುದು ಅವರ ದುರದೃಷ್ಟ. ಯುಕ್ತಿ ಹೀಗೆ: ಒಂದು ಗ್ರಾಂ ನೀರನ್ನು ಕೋಣೆಯ ಬಿಸಿಯಿಂದ ಕುದಿಯುವ ತನಕ ತರಲು ಸುಮಾರು 75 ಕ್ಯಾಲೊರಿ ಸಾಕು, ಕುದಿಯುವ ನೀರನ್ನು ಆವಿ ಮಾಡಲು ಸುಮಾರು 540 ಕ್ಯಾಲೊರಿ ಬೇಕು. ಬಟ್ಟೆಯಲ್ಲಿ ತೇವ ಇರುವಷ್ಟು ಹೊತ್ತು ಒಲೆಯ ಶಾಖ ಆ ಸಾಲ ತೀರಿಸುವುದರಲ್ಲೇ ಸವೆಯುತ್ತದೆ, ಗೋಡೆ ನೀರಿನ ಕುದಿಬಿಂದುವಿನ ಆಚೀಚೆ ನಿಲ್ಲುತ್ತದೆ. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದ ಮೈಸೂರಿನಲ್ಲಿ ನೀರು 97 ಡಿಗ್ರಿ ದಾಟುತ್ತಲೇ ಕುದಿಯುವುದರಿಂದ, ಕರಾವಳಿಯ ಒದ್ದೆಬಟ್ಟೆಗಿಂತ ನಮ್ಮ ಒದ್ದೆಬಟ್ಟೆ ಕೂದಲೆಳೆಯಷ್ಟು ಹೆಚ್ಚು ತಂಪೆಂದು ಹೆಮ್ಮೆಪಡಲು ಅವಕಾಶವಿದೆ. ತಳಕ್ಕೆ ಬಟ್ಟೆಯಿಲ್ಲವಾದ್ದರಿಂದ ಕೆಳಗಿನಿಂದ ಬರುವ ಬಿಸಿ ಎಲ್ಲೆಡೆ ಒಂದೇ ಬಗೆಯಾಗಿ ಹಿಟ್ಟನ್ನು ಎತ್ತುತ್ತದೆ. ಅಂಚೂ ನಡುವೂ ಜತೆಜತೆಯಾಗಿ ಏಳುತ್ತವೆ, ಜತೆಯಾಗಿ ನಿಲ್ಲುತ್ತವೆ. ಬೇಯಲು ಹತ್ತು ನಿಮಿಷ ಹೆಚ್ಚು ಹಿಡಿಯಬಹುದು. ಮಡಿಯಲ್ಲಿ ಯಾವ ಅಡುಗೆ ತಾನೆ ಹೊತ್ತಿಗೆ ಸರಿಯಾಗಿ ಆಗಿದೆ?

ಇನ್ನು ಪೂರ್ವಪಕ್ಷಗಳು. ಚಾಕುವಾದಿಗಳು, ಉಬ್ಬನ್ನು ಗರಗಸದ ಚಾಕುವಿನಿಂದ ಕುಯ್ದರೆ ಮುಗಿಯಿತು, ಇಷ್ಟೆಲ್ಲ ಏಕೆ ಎನ್ನುತ್ತಾರೆ. ಮೇಲ್ಮೈ ಅದರಿಂದ ಚಪ್ಪಟೆಯಾದೀತು. ಅತಿಯಾಗಿ ಬೆಂದು ಒಣಗಿದ ಅಂಚು ಮೆತ್ತಗಾಗುವುದಿಲ್ಲ. ರೋಗದ ಗುರುತನ್ನು ಕತ್ತರಿಸಿ ರೋಗ ಹೋಯಿತೆಂದು ಸಾರುವುದು ಆಯುರ್ವೇದಕ್ಕೂ ಒಪ್ಪದು. ಬೋರಲುವಾದಿಗಳು ಉಬ್ಬನ್ನು ಕೆಳಗೆ ಮಾಡಿ ಸಪಾಟು ತಳವನ್ನು ಮೇಲೆ ತೋರಿಸುತ್ತಾರೆ. ಒಂದೇ ಪದರವಿದ್ದರೆ ಈ ಕಪಟ ನಡೆಯುತ್ತದೆ. ಎರಡಿದ್ದಾಗ ಉಬ್ಬಿದ ಮೈಯ ಮೇಲೆ ಸಪಾಟು ತಳ ಕೂತು ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ, ಸುತ್ತಲಿನ ಸಂದಿಗೆ ಕ್ರೀಮು ತುಂಬಬೇಕಾಗುತ್ತದೆ, ಮೈಸೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಆ ಕ್ರೀಮಿನ ಮೇಲೆ ಮಗುವಿನ ಹೆಸರು ಹೊತ್ತ ಪದರ ಮೆಲ್ಲಗೆ ಜಾರತೊಡಗುತ್ತದೆ. ಮಂದಾಗ್ನಿವಾದಿಗಳು ಮಾತ್ರ ಗೌರವಕ್ಕೆ ಅರ್ಹರು. ಒಲೆಯನ್ನು 180ರಿಂದ 160 ಡಿಗ್ರಿಗೆ ಇಳಿಸಿದರೆ ಗೋಡೆಗೂ ನಡುವಿಗೂ ಇರುವ ಅಂತರ ಕುಗ್ಗುತ್ತದೆಂಬ ಅವರ ಮಾತು ಯುಕ್ತವೇ. ಆದರೆ ಮನೆಯ ಓವನ್ನುಗಳ ಗುಂಡಿ ತೋರಿಸುವ ಅಂಕಿಯೂ ಒಳಗಿನ ನಿಜವಾದ ಬಿಸಿಯೂ ಬಹಳ ಸಲ ಬೇರೆ ಬೇರೆಯಿರುವುದರಿಂದ, ಥರ್ಮಾಮೀಟರ್ ಇಲ್ಲದ ಮಂದಾಗ್ನಿ ಬರಿಯ ನಂಬಿಕೆ. ಇವರನ್ನು ಸಿದ್ಧಾಂತದೊಳಗೇ ಉಪಾಂಗವಾಗಿ ಸೇರಿಸಿಕೊಳ್ಳಲಾಗಿದೆ.

ಇಡ್ಲಿ ಉಬ್ಬಿದರೆ ಹೊಗಳುವಿರಿ, ಕೇಕು ಉಬ್ಬಿದರೆ ತೆಗಳುವಿರಿ, ಇದು ಯಾವ ನ್ಯಾಯ ಎಂಬ ಪ್ರಶ್ನೆಯೂ ಬಂದಿದೆ. ಇಡ್ಲಿಯ ಮೇಲೆ ಇಡ್ಲಿಯಿಟ್ಟು ನಡುವೆ ಜಾಮು ಹಚ್ಚುವ ದಿನ ಬರಲಿ, ಆಗ ಉತ್ತರಿಸಬಹುದು. ಕುಕ್ಕರಿನಲ್ಲಿ ಉಪ್ಪು ಹರಡಿ, ಗ್ಯಾಸ್ಕೆಟ್ಟನ್ನೂ ಮೇಲಿನ ವೆಯ್ಟನ್ನೂ ತೆಗೆದಿಟ್ಟು ಕೇಕು ಬೇಯಿಸುವವರಿಗೆ ಮಾತ್ರ ಈ ಸಿದ್ಧಾಂತ ಸಲ್ಲದೆಂದು ಒಪ್ಪಬೇಕು: ಅಲ್ಲಿ ಬಟ್ಟೆಯ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಕೇಕಿನ ನೆತ್ತಿಯ ಮೇಲೇ ತೊಟ್ಟಿಕ್ಕುತ್ತದೆ. ಅವರಿಗೆ ಸಣ್ಣ ಉರಿಯೇ ಗತಿ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯದು. ಮಡಿಬಟ್ಟೆಯೆಂಬುದು ಈ ನಾಡಿನಲ್ಲಿ ಯಾವುದನ್ನೂ ಸಮತಟ್ಟು ಮಾಡಿದ ದಾಖಲೆಯಿಲ್ಲ. ಯಾರು ಒಳಗೆ, ಯಾರು ಹೊರಗೆ, ಯಾರು ಎಷ್ಟು ದೂರ ಎಂದು ಗೆರೆ ಎಳೆಯುವುದೇ ಅದರ ಕಸುಬಾಗಿತ್ತು. ಅಂಥದ್ದು ಕೇಕಿಗೆ ಸಮತೆ ತರುವುದುಂಟೇ? ಈ ಪ್ರಶ್ನೆಯನ್ನು ನಗೆಯಾಡಿ ದಾಟುವಂತಿಲ್ಲ. ಬಟ್ಟೆಯ ಚರಿತ್ರೆ ಆಕ್ಷೇಪಿಸುವವರು ಹೇಳಿದಂತೆಯೇ ಇದೆ. ಆದರೆ ಆ ಗುಣ ಉಟ್ಟವರದು, ನೀರಿನದಲ್ಲ. ತಗಡಿಗೆ ಸುತ್ತಿದಾಗ ನೀರು ಎಲ್ಲ ಕಡೆಗೂ ಒಂದೇ ದರದಲ್ಲಿ ಆವಿಯಾಗುತ್ತದೆ, ಗೋತ್ರ ಕೇಳುವುದಿಲ್ಲ. ಪಂಚೆಯನ್ನು ಮೊದಲು ಹರಿಯಬೇಕೆಂಬ ವಿಧಿಯನ್ನೂ ಇಲ್ಲಿ ನೆನೆಯಬೇಕು. ಹರಿಯದ ಪಂಚೆಯಿಂದ ಈ ಕೆಲಸ ಆಗುವುದಿಲ್ಲ.

ಒಂದು ಪಕ್ಷಕ್ಕೆ ಮಾತ್ರ ಈ ಪ್ರಬಂಧದಲ್ಲಿ ಉತ್ತರ ಸಿದ್ಧವಾಗಿಲ್ಲ. ಕೇಕು ಸಮತಟ್ಟಾಗಿ ಬಂದರೆ ಕುಯ್ದು ತೆಗೆಯುವ ಟೋಪಿಯೇ ಇರುವುದಿಲ್ಲ. ಆ ಟೋಪಿ ಕ್ರೀಮು ಹಚ್ಚುವ ಮೊದಲೇ, ದೀಪ ಆರಿಸುವ ಮೊದಲೇ, ಅಡುಗೆಮನೆಯ ಬಾಗಿಲಲ್ಲಿ ಕಾದು ನಿಂತ ಮಕ್ಕಳಿಗೆ ಸಲ್ಲುತ್ತಿತ್ತು. ಶಾಸ್ತ್ರದ ಹೆಸರಿನಲ್ಲಿ ಅವರ ಹಕ್ಕು ಕಿತ್ತುಕೊಂಡದ್ದಕ್ಕೆ ಅವರು ತೆಗೆಯುವ ರಾಗದ ಮುಂದೆ ಯಾವ ಯುಕ್ತಿಯೂ ನಿಲ್ಲದು. ಸದ್ಯಕ್ಕೆ ಕೆಳಗಿನ ಪದರಕ್ಕೆ ಬಟ್ಟೆ ಸುತ್ತಿ, ಮೇಲಿನದನ್ನು ಬಟ್ಟೆಯಿಲ್ಲದೆ ಬೇಯಿಸಿ, ಅದು ಎಷ್ಟು ಉಬ್ಬಿತೋ ಅಷ್ಟನ್ನೂ ಬಾಗಿಲ ಬಳಿ ನಿಂತವರಿಗೆ ಕುಯ್ದು ಕೊಡತಕ್ಕದ್ದು.