ಅಟ್ಟದಜ್ಜನ ಅಹವಾಲು

ಅಕ್ಕಿಆಲೂರಿನ ಒಂದು ಹಳೆಯ ಹಂಚಿನ ಮನೆ. ಬೆಂಗಳೂರಿನಲ್ಲಿರುವ ಮೊಮ್ಮಗಳು ‘ಮನೆ ಹಗುರಾದರೆ ಮನಸ್ಸೂ ಹಗುರ’ ಎಂದು ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಬರೆದು, ದಸರಾ ರಜೆಯಲ್ಲಿ ಅಟ್ಟ ಖಾಲಿ ಮಾಡುವುದಾಗಿ ಸಾರಿದ್ದಾಳೆ. ಗುಂಪಿನ ತುಂಬ ಹೆಬ್ಬೆರಳುಗಳು ಎದ್ದವು. ಏಣಿ ಹಿಡಿಯಲು ಮಾತ್ರ ಒಂದು ಕೈಯೂ ಬರಲಿಲ್ಲ. ಶಿಕ್ಷೆಗೆ ಮೊದಲು ಆರೋಪಿಯ ಮಾತನ್ನೂ ಕೇಳಬೇಕಲ್ಲ ಎಂದು ನಾವೇ ಹತ್ತಿದೆವು. ಜೇಡರ ಬಲೆ ಸರಿಸಿ ಮೂಲೆಯ ಟ್ರಂಕಿನ ಮೇಲೆ ಕೂರುವಷ್ಟರಲ್ಲಿ ಅಟ್ಟವೇ ಬಾಯಿಬಿಟ್ಟಿತು.

ಅಟ್ಟ: ಸಾವಕಾಶ ತಮ್ಮಾ, ಅದರ ಮ್ಯಾಲ ಕುಂದರಬ್ಯಾಡ. ಒಳಗ ಮುಂಬಯಿ ಸರಕಾರ ಐತಿ.

ಪ್ರಶ್ನೆ: ಏನಂದ್ರಿ ಅಜ್ಜಾರ?

ಅಟ್ಟ: 1956ಕ್ಕಿಂತ ಮೊದಲ ಈ ಸೀಮಿ ಮುಂಬಯಿ ರಾಜ್ಯದಾಗ ಇತ್ತಲ್ಲ, ಆಗಿನ ಹೊಲದ ಕಾಗದ ತಳದಾಗ ಅದಾವ. ಅವುಗಳ ಮ್ಯಾಲ ಮೈಸೂರು ರಾಜ್ಯದ್ದು. ಆಮ್ಯಾಲ ಧಾರವಾಡ ಜಿಲ್ಲಾ ಅಂತ ಬರದಿದ್ದು ಒಂದು ಗಂಟು, 1997ರಾಗ ಹಾವೇರಿ ಜಿಲ್ಲಾ ಆದಮ್ಯಾಲಿನದು ಇನ್ನೊಂದು. ಉತಾರ ಕಂಪ್ಯೂಟರಿನ್ಯಾಗ ಬಂದು ಎಷ್ಟೋ ವರ್ಷ ಆತು. ಆದರೂ ‘ಇರಲಿ, ಯಾವುದಕ್ಕೂ’ ಅಂತ ಇಟ್ಟಾರ.

ಪ್ರಶ್ನೆ: ಮನಿ ಶಾಂತಿ ಕೆಡಿಸಿದ್ದು ನೀವ ಅಂತ ನಿಮ್ಮ ಮ್ಯಾಲ ದೂರು ಐತ್ರಿ.

ಅಟ್ಟ: ನಾ ಯಾವತ್ತರ ಕೆಳಗಿಳಿದು ಒಂದು ಸಾಮಾನು ಹೊತ್ತುಕೊಂಡು ಬಂದೇನೇನು? ‘ಸದ್ಯಕ್ಕ ಮ್ಯಾಲ ಇಡು’ ಅನ್ನೋರು ಅವರು. ಆ ಮುರಕ ತೊಟ್ಟಿಲದ ಸದ್ಯಕ್ಕ ಈಗ ಐವತ್ತು ವರ್ಷ. ಅದರಾಗ ಮಲಗಿದ ಕೂಸು ಹ್ವಾದ ವರ್ಷ ನೌಕರಿಯಿಂದ ನಿವೃತ್ತಿ ಆತು.

ನನ್ನ ಕಟ್ಟಿಸಿದ್ದು ಬ್ಯಾರೆ ಕೆಲಸಕ್ಕ. ಕೆಳಗ ಒಲಿ, ಮ್ಯಾಲ ನಾನು. ಹೊಗಿ ಹಲಗಿ ಸಂದಿಯೊಳಗ ಹಾದು ಹಂಚಿನತನಕ ಏರತಿತ್ತು. ಬೀಜದ ಗೋವಿನಜೋಳದ ತೆನಿ ಜೋಡಿ ಕಟ್ಟಿ ಗಳಕ್ಕ ಇಳಿಬಿಡತಿದ್ದರು. ಸೌತಿ, ಹೀರಿ, ಅವರಿ ಬೀಜಕ್ಕ ಬೂದಿ ಕಲಿಸಿ ಗಡಿಗ್ಯಾಗ ತುಂಬಿ ಬಾಯಿ ಕಟ್ಟತಿದ್ದರು. ಹೊಗಿ ಕುಡದ ಬೀಜಕ್ಕ ಹುಳ ಹತ್ತತಿರಲಿಲ್ಲ. ಮಳಿ ಬಿತ್ತಂದ್ರ ಬೀಜ ಕೆಳಗ, ನಾ ಖಾಲಿ. ಬ್ಯಾಸಗ್ಯಾಗ ಮಾವಿನಕಾಯಿ. ಹಾನಗಲ್ ಸೀಮಿ ಅಂದ್ರ ಮಾವಿನ ಸೀಮಿ, ನಿನಗ ಹೇಳೋದೇನೈತಿ? ಭತ್ತದ ಹುಲ್ಲು ಹಾಸಿ ಕಾಯಿ ಸಾಲಾಗಿ ಮಲಗಿಸಿ, ಮ್ಯಾಲ ಮತ್ತ ಹುಲ್ಲು. ಎರಡು ದಿನಕ್ಕೊಮ್ಮೆ ಅಜ್ಜಿ ಏರಿ ಬಂದು ಒಂದೊಂದನ್ನ ಮೂಗಿಗೆ ಹಿಡದು ನೋಡಿ, ತೊಟ್ಟಿನ ಬಾಜೂಕ ಹೆಬ್ಬಟ್ಟಿಲೆ ಒತ್ತಿ, ಆದದ್ದನ್ನ ಉಡಿಯೊಳಗ ಹಾಕ್ಕೊಂಡು ಇಳೀತಿದ್ದಳು. ಆ ತಿಂಗಳು ಕೆಳಗ ಊಟಕ್ಕ ಕುಂತವರ ಮೂಗು ನನ್ನ ಕಡೆ ಇರತಿತ್ತು. ವರ್ಷಾ ತುಂಬತಿದ್ದೆ, ವರ್ಷಾ ಬರಿದಾಗತಿದ್ದೆ. ಖಾಲಿ ಮಾಡೋದನ್ನ ನನಗ ಬೆಂಗಳೂರಿನವರು ಕಲಿಸಬೇಕೇನು?

ಪ್ರಶ್ನೆ: ಮತ್ತ ಕೆಟ್ಟಿದ್ದೆಲ್ಲಿ?

ಅಟ್ಟ: ಗ್ಯಾಸು ಬಂತು, ಹೊಗಿ ನಿಂತು. ಬೀಜ ಅಂಗಡಿ ಪಾಕೀಟಿನ್ಯಾಗ ಬಂತು. ಮಾವು ಗಿಡದಾಗ ಇರೂಮುಂದನ ಗುತ್ತಿಗಿ ಹೋತು. ನನ್ನ ಕೆಲಸ ಹೋತು, ಜಾಗ ಉಳೀತು. ಸೇರು, ಪಾವು ಕಾಯ್ದೆಯಿಂದ ಕೆಳಗಿಳಿದು ಇಲ್ಲಿಗೆ ಏರಿದವು. ಆಮ್ಯಾಲ ಟಿ.ವಿ. ಆಂಟೆನಾ. ವಾರಂಟಿ ಮುಗದ ಮಿಕ್ಸರಿನ ಖಾಲಿ ಡಬ್ಬಿ. ಮಿಕ್ಸರು ಗುಜರಿಗೆ ಹೋತು, ಡಬ್ಬಿ ಇಲ್ಲೇ ಐತಿ. ಅದರ ಬಾಜೂಕ 2023ರ ಹಾವೇರಿ ಸಾಹಿತ್ಯ ಸಮ್ಮೇಳನದ ಚೀಲ. ಒಳಗಿನ ಪುಸ್ತಕ ಯಾರೂ ಬಿಚ್ಚಿಲ್ಲ. ಹೊಸಾ ಸೇರ್ಪಡೆ ಆ ಮೂರು ಪ್ಲಾಸ್ಟಿಕ್ ಡಬ್ಬಿ.

ಪ್ರಶ್ನೆ: ಅವೇನ್ರಿ?

ಅಟ್ಟ: ಹ್ವಾದ ಸಲ ಮನಿ ಹಗುರ ಮಾಡಾಕ ಮೊಮ್ಮಗಳು ತರಿಸಿದ್ದು. ‘ಇಡು’, ‘ಕೊಡು’, ‘ಒಗಿ’ ಅಂತ ಚೀಟಿ ಹಚ್ಚ್ಯಾಳ. ಮೂರೂ ಡಬ್ಬಿಯೊಳಗ ಈಗ ಆಯೇರಿ ಕಣ ತುಂಬ್ಯಾವ.

ಪ್ರಶ್ನೆ: ಕುಪ್ಪಸ ಹೊಲಿಸಬಹುದಲ್ಲ?

ಅಟ್ಟ: ನಿನಗಿನ್ನೂ ಮದವಿ ಆಗಿಲ್ಲ ಅನಸತೈತಿ. ಆಯೇರಿ ಕಣ ಹೊಲಸಾಕ ಅಲ್ಲೋ, ತಿರಗಾಕ. ಆ ಹಸರ ಕಣ ನೋಡು. ಇಲ್ಲಿಂದ ತಿಳವಳ್ಳಿಗೆ ಮದವಿಗೆ ಹೋತು, ಅಲ್ಲಿಂದ ಹಿರೇಕೆರೂರಿಗೆ ಕುಬಸಕ್ಕ, ಸವಣೂರಿಗೆ ಮನಿಶಾಂತಿಗೆ, ಶಿಗ್ಗಾವಿ ಹಾಯ್ದು ತಿರುಗಿ ಇದ ಮನಿಗೆ ಬಂತು. ಮೂಲ್ಯಾಗ ಅಜ್ಜಿ ಹಚ್ಚಿದ ಅರಿಷಿಣ ಹಂಗ ಇತ್ತು. ಸೊಸಿ ಗುರುತು ಹಿಡದು ಹೊಟ್ಟಿ ಹಿಡಕೊಂಡು ನಕ್ಕಳು. ಬರೋ ಸೋಮವಾರ ಮತ್ತೊಂದು ಮದವಿಗೆ ಹೊಂಟೈತಿ.

ಪ್ರಶ್ನೆ: ಜಪಾನಿನ ಮಾರಿ ಕೊಂಡೊ ಅನ್ನೋರು ಒಂದು ದಾರಿ ಹೇಳ್ಯಾರ. ಸಾಮಾನು ಕೈಯಾಗ ಹಿಡೀಬೇಕು. ಖುಷಿ ಆದರ ಇಟಗೋಬೇಕು, ಇಲ್ಲಂದ್ರ ಧನ್ಯವಾದ ಹೇಳಿ ಕಳಿಸಬೇಕು.

ಅಟ್ಟ: ಆ ಪ್ರಯೋಗನೂ ಆತು. ತಾಮ್ರದ ಹಂಡೆ ಹಿಡಿ ಅಂತ ಮೊಮ್ಮಗಳು ಅವರವ್ವಗ ಅಂದಳು. ಹಿಡದಾಕಿಗೆ ಸೊಂಟ ಹಿಡೀತು. ಖುಷಿ ಆತೇನ ಅಂದ್ರ, ‘ನನಗಲ್ಲವಾ, ನಿಮ್ಮ ಸ್ವಾದರತ್ತಿಗೆ ಆಗತೈತಿ, ಆಕಿ ಕಣ್ಣು ಇದರ ಮ್ಯಾಲ ಐತಿ’ ಅಂದಳು. ಆ ಜಪಾನಿನ ತಂಗೀನೂ ಮೂರು ಮಕ್ಕಳಾದಮ್ಯಾಲ ಮನಿ ಒಪ್ಪ ಮಾಡೋದನ್ನ ಹೆಚ್ಚೂಕಡಿಮಿ ಬಿಟ್ಟೇನಿ ಅಂತ 2023ರಾಗ ಹೇಳ್ಯಾಳಂತ. ಈ ಮನ್ಯಾಗ ಎಂಟು ಮಕ್ಕಳು ಹುಟ್ಟ್ಯಾವ ತಮ್ಮಾ.

ಪ್ರಶ್ನೆ: ಹಂಡೆ ಸ್ವಾದರತ್ತಿಗೆ ಕೊಟ್ಟುಬಿಟ್ಟರ ಆತಲ್ಲ?

ಅಟ್ಟ: ಈಗ ನೀ ಮೂಲಕ್ಕ ಬಂದಿ. ಹೆಣ್ಣಮಕ್ಕಳಿಗೂ ಹೊಲದಾಗ ಸಮಪಾಲು ಅಂತ 2005ರಾಗ ದಿಲ್ಲ್ಯಾಗ ಕಾಯ್ದೆ ಆತು. ಆಕಿ ತವರುಮನಿ ಬಾಗಿಲ ಉಳೀಲಿ ಅಂತ ಹೊಲ ಬಿಟ್ಟು ಸಹಿ ಹಾಕಿದಳು. ಹಂಡೆ ಮಾತ್ರ ಬಿಟ್ಟಿಲ್ಲ. ಹೊಲ ಬಿಟ್ಟಾಕಿಗೆ ಹಂಡೆನೂ ಇಲ್ಲ ಅನ್ನೋ ಧೈರ್ಯ ಅಣ್ಣತಮ್ಮರಿಗಿಲ್ಲ. ಎತ್ತಿ ಕೊಡೋ ಮನಸೂ ಇಲ್ಲ. ಹಿಂಗಾಗಿ ಅದು ನನ್ನ ಹತ್ರ. ಇಲ್ಲಿರೋದರಾಗ ಅರ್ಧ ಸಾಮಾನಲ್ಲ, ಮುಗೀದ ವಾಟ್ನಿ. ಆ ಬೀಸುಕಲ್ಲು ದೊಡ್ಡವಂದೋ ಸಣ್ಣವಂದೋ ಇನ್ನೂ ತೀರ್ಮಾನ ಆಗಿಲ್ಲ. ಇಬ್ಬರ ಮನ್ಯಾಗೂ ಬೀಸೋರು ಯಾರೂ ಇಲ್ಲ, ಅದು ಬ್ಯಾರೆ ಮಾತು.

ಪ್ರಶ್ನೆ: ಮೊದಲ ಇದನ್ನೆಲ್ಲ ಹೆಂಗ ಬಗೆಹರಸತಿದ್ದರು?

ಅಟ್ಟ: ಕಾಮಣ್ಣನ ಹುಡುಗರು ಬಗೆಹರಸತಿದ್ದರು. ಹೋಳಿ ಹುಣ್ಣಿವಿ ಮುಂದ ರಾತ್ರೋರಾತ್ರಿ ಕುಳ್ಳು, ಕಟಗಿ, ಮುರಕ ಹೊರಸು, ಲಡ್ಡಾದ ನೊಗ, ಸಿಕ್ಕಿದ್ದನ್ನ ಹೊತಗೊಂಡು ಹೋಗಿ ಕಾಮನ ಬೆಂಕಿಗೆ ಹಾಕತಿದ್ದರು. ಮಾಲಕ ಓಣಿ ತುಂಬ ಬೈಕೋತ ಅಡ್ಡ್ಯಾಡತಿದ್ದ. ಒಳಗೊಳಗ ಅವಗ ಸಮಾಧಾನ: ಹೊರಸು ಹೋತು, ಒಗದ ಪಾಪ ನನ್ನ ಮ್ಯಾಲ ಬರಲಿಲ್ಲ, ಅಣ್ಣಗ ಲೆಕ್ಕ ಕೊಡೋದು ತಪ್ಪಿತು. ಈಗ ಬಾಗಿಲಿಗೆ ಸಿ.ಸಿ. ಕ್ಯಾಮೆರಾ ಕುಂದರಿಸ್ಯಾರ. ಹುಡುಗರು ಬರೋದು ಬಿಟ್ಟರು.

ಪ್ರಶ್ನೆ: ವಸ್ತುಸಂಗ್ರಹಾಲಯಕ್ಕ ಕೊಡಬಹುದಲ್ರಿ. ಶಿಗ್ಗಾವಿ ಕಡೆ ಗೊಟಗೋಡ್ಯಾಗ ಜಾನಪದ ವಿಶ್ವವಿದ್ಯಾಲಯನ ಐತಿ.

ಅಟ್ಟ: ಮನಿಮಂದಿ ಗೊಟಗೋಡಿ ರಾಕ್ ಗಾರ್ಡನ್ನಿಗೆ ಹೋಗಿ ಬಂದಾರ. ಟಿಕೀಟು ತಗಸಿ, ಹಳ್ಳಿ ಬಾಳೇವು ತೋರಸೋ ಶಿಲ್ಪದ ಜೋಡಿ ಫೋಟೋ ಹೊಡಿಸಿಕೊಂಡು, ‘ಆಗಿನ ಕಾಲನ ಚಂದ ಇತ್ತು’ ಅಂತ ಕಣ್ಣೊರಸಿಕೊಂಡರಂತ. ಆವತ್ತ ಸಂಜಿಗೆ ಬಂದು, ಕಾಲಿಗೆ ಅಡ್ಡಾತು ಅಂತ ಅಜ್ಜಿ ಒನಕಿಯನ್ನ ಇಲ್ಲಿಗೆ ಒಗದರು.

ಪ್ರಶ್ನೆ: ಬೆಲಿ ಬಾಳೋದು ಒಂದಾದರೂ ಐತೇನ್ರಿ?

ಅಟ್ಟ: ಅಡಕಲ ಗಡಿಗ್ಯಾಗ ಅಜ್ಜಿ ಐನೂರರ ನೋಟು ಬಚ್ಚಿಟ್ಟಿದ್ದಳು. 2016ರ ನವೆಂಬರದಾಗ ಮನಿ ಎಲ್ಲಾ ತಡಕ್ಯಾಡಿದರು, ಸಿಗಲಿಲ್ಲ. ಮುಂದಿನ ದೀಪಾವಳಿಗೆ ತಾವ ಸಿಕ್ಕವು.

ಪ್ರಶ್ನೆ: ಹಂಗಾರ ದಸರಾಕ್ಕ ನಿಮ್ಮನ್ನ ಖಾಲಿ ಮಾಡೋದು ಆಗೂದಿಲ್ಲ ಅಂತೀರಾ?

ಅಟ್ಟ: ಆಗತೈತಿ. ಅಣ್ಣತಮ್ಮರು, ಅಕ್ಕತಂಗಿಯರು, ಅವರ ಮಕ್ಕಳು ಎಲ್ಲಾರೂ ಒಂದು ದಿನ ಇಲ್ಲಿ ಕೂಡಬೇಕು. ಇದು ನಿಂದು, ಇದು ನಂದು, ಇದು ಯಾರದೂ ಅಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ಅಷ್ಟು ಮಂದಿ ಕೂಡಿದರ ಕುಂದರಾಕ ಜಮಖಾನಿ ಬೇಕು, ಸ್ನಾನಕ್ಕ ಹಂಡೆ ಬೇಕು, ಹುಗ್ಗಿ ಮಾಡಾಕ ದೊಡ್ಡ ಪಾತೇಲಿ, ಉಣ್ಣಾಕ ತಾಟು, ಹೊದಿಯಾಕ ಕೌದಿ. ಎಲ್ಲಾ ಇಲ್ಲಿಂದನ ಇಳಿಬೇಕು. ಇವನ್ನ ಮೊದಲ ಒಗದರ ಅವರು ಕೂಡೋದು ಹೆಂಗ?

ಪ್ರಶ್ನೆ: ಈಗ ಎಲ್ಲಾ ಶಾಮಿಯಾನದವರ ಹತ್ರ ಬಾಡಿಗಿಗೆ ಸಿಗತಾವಲ್ರಿ.

ಅಟ್ಟ: ಸಿಗತಾವ. ಡಿಪಾಸಿಟ್ಟು ಯಾರು ಕಟ್ಟೋರು ಅಂತ ಅಣ್ಣತಮ್ಮರನ್ನ ಕೇಳಿಕೊಂಡು ಬಾ.