ಯಜಮಾನರು ಯಾರು ಸ್ವಾಮಿ?

ಹರಪನಹಳ್ಳಿಯವರಿಗೆ ಯಜಮಾನಿಕೆ ಬದಲಾಗುವುದು ಹೊಸತಲ್ಲ. ಬಳ್ಳಾರಿ ಜಿಲ್ಲೆಯ ಈ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, ಮುಂದೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರದ ಪಾಲಾಯಿತು. ಊರು ಕೂತಲ್ಲೇ ಕೂತಿತ್ತು. ಅಲೆದದ್ದು ವಿಳಾಸ ಮಾತ್ರ.

ಬಿಗ್ ಬಜಾರ್ ನೌಕರರ ಕಥೆಯೂ ಹೆಚ್ಚುಕಡಿಮೆ ಇದೇ.

ಕಿಶೋರ್ ಬಿಯಾನಿ 2001ರಲ್ಲಿ ಆರಂಭಿಸಿದ ಈ ಮಳಿಗೆಗಳ ಸರಪಳಿ ಸಾಲದಲ್ಲಿ ಮುಳುಗಿತು, ಮೇಲೆ ಕೊರೊನಾ ಬೇರೆ. 2020ರ ಆಗಸ್ಟ್‌ನಲ್ಲಿ ರಿಲಯನ್ಸ್ 24,713 ಕೋಟಿ ರೂಪಾಯಿಯ ಖರೀದಿ ವ್ಯವಹಾರ ಕುದುರಿಸಿತು. ಅಮೆಜಾನ್ ಅಡ್ಡ ಬಂತು. ಸಿಂಗಪುರದಿಂದ ದೆಹಲಿಯವರೆಗೆ ದೊಡ್ಡವರ ವ್ಯಾಜ್ಯ. ಇತ್ತ ಬಿಲ್ಲಿಂಗ್ ಕೌಂಟರಿನ ಹುಡುಗಿ ಮಾತ್ರ ನಗುಮುಖದಿಂದ ‘ಕ್ಯಾರಿ ಬ್ಯಾಗ್ ಬೇಕಾ ಸಾರ್?’ ಎನ್ನುತ್ತಲೇ ಇರಬೇಕು. ಸಂಸ್ಥೆಗೆ ನಿಷ್ಠರಾಗಿರಿ ಎಂದರೆ, ಯಾವ ಸಂಸ್ಥೆಗೆ? ಸಂಬಳದ ಚೀಟಿಯಲ್ಲಿ ಯಾರ ಹೆಸರಿರುತ್ತದೋ ಎಂಬ ಗುಮಾನಿ ಇಟ್ಟುಕೊಂಡು ಉತ್ಸಾಹ ತೋರಿಸುವುದು ಸಾಮಾನ್ಯ ನಟನೆಯೇನಲ್ಲ.

2022ರ ಫೆಬ್ರುವರಿಯಲ್ಲಿ ಬಾಡಿಗೆ ಬಾಕಿಯಿದ್ದ ಹಲವು ಮಳಿಗೆಗಳನ್ನು ರಿಲಯನ್ಸ್ ವಶಕ್ಕೆ ತೆಗೆದುಕೊಂಡು, ಸಿಬ್ಬಂದಿಗೂ ಕೆಲಸ ಕೊಡಲು ಮುಂದಾಯಿತು. ಕಟ್ಟಡ ಅದೇ, ಬೋರ್ಡು ‘ಸ್ಮಾರ್ಟ್ ಬಜಾರ್’. ತಮಾಷೆಯೆಂದರೆ, ಏಪ್ರಿಲ್‌ನಲ್ಲಿ ಸಾಲ ಕೊಟ್ಟವರು ಒಪ್ಪದೆ ಮೂಲ ವ್ಯವಹಾರವೇ ಮುರಿದುಬಿತ್ತು. ಅಷ್ಟರಲ್ಲಿ ಮಳಿಗೆಗಳು ಕೈ ಬದಲಿಸಿ ಆಗಿತ್ತು.